ಮ್ಯಾಟಿನಿ ಹೊತ್ತಿನ ನಿದ್ದೆ

ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಬಲ್ಬಣ್ಣ ಹೋಲ್ಡರಿಗೆ ಎರಡನೇ ಬಲ್ಬು ಸಿಕ್ಕಿಸುತ್ತಿದ್ದ. ಕೆಳಗೆ, ಮುಂದಿನ ಕೋಣೆಯ ನಟ್ಟನಡುವೆ, ಬಿಳಿ ಹೊದಿಕೆಯೊಳಗೆ ಅವನ ಹೆಂಡತಿ ಮಲಗಿದ್ದಳು. ಬಂದವರು ಏಣಿಗೆ ಜಾಗ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಇನ್ನೊಂದು ಬಲ್ಬು ಯಾಕಪ್ಪಾ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ನಾದಿನಿಯೊಬ್ಬಳನ್ನು ಬಿಟ್ಟು.

“ಇಳೀರಿ ಭಾವ. ಇನ್ನು ಬೆಳಕು ಕಟ್ಕೊಂಡು ಅಕ್ಕಂಗೆ ಏನಾಗ್ಬೇಕು?”

“ಮುಖ ಸರಿಯಾಗಿ ಕಾಣ್ಲಿ,” ಎಂದ ಬಲ್ಬಣ್ಣ.

ಮುಖ ಚೆನ್ನಾಗಿಯೇ ಕಾಣುತ್ತಿತ್ತು. ನಿನ್ನೆ ಬೆಳಿಗ್ಗೆ ಶಾಲೆ ಮಕ್ಕಳ ಅಂಗಿಗೆ ಕಾಲರು ಕತ್ತರಿಸುತ್ತಾ ಕೂತವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದಳು. ಹೃದಯ ನಿಂತಿತ್ತು, ಅಷ್ಟೇ, ಡಾಕ್ಟರು ಬಂದು ಮಾಡುವುದೇನೂ ಉಳಿದಿರಲಿಲ್ಲ. ಐವತ್ತಾರು ಸಾಯುವ ವಯಸ್ಸೇ?

ಒಳಕೋಣೆಯ ಬಾಗಿಲಲ್ಲಿ ಮಗಳು ಚೌಕಟ್ಟಿಗೆ ಒರಗಿ ನಿಂತಿದ್ದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯ ಬಸ್ಸು ಹಿಡಿದು ಬಂದಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಹನಿ ನೀರಿರಲಿಲ್ಲ.

“ಅತ್ತು ಹಗುರಾಗು ಪುಟ್ಟಿ,” ಎಂದಳು ಚಿಕ್ಕಮ್ಮ. “ಹೀಗೆ ಕಲ್ಲಾಗಿ ನಿಂತ್ರೆ ನೋಡಿದೋರು ಏನಂದ್ಕೋತಾರೆ?”

“ಅಳೋಕೂ ಆಗ್ತಿಲ್ಲ ಚಿಕ್ಕಮ್ಮ. ಬಿಸಿಲು ಶುರುವಾದಾಗಿಂದ ಹೀಗೇ. ನಿದ್ದೆ ಇಲ್ಲ, ಊಟ ಸೇರಲ್ಲ. ಯಾರಾದ್ರೂ ಮಾತಾಡ್ಸಿದ್ರೆ ಹರಿದು ತಿನ್ನೋ ಹಾಗಾಗತ್ತೆ. ಮಳೆ ಬಿದ್ರೆ ಸರಿ ಹೋಗ್ತೀನಿ.”

ಬಲ್ಬಣ್ಣ ಏಣಿಯಿಂದ ಇಳಿದು ಮಗಳ ಭುಜ ಹಿಡಿದ. “ನಿಮ್ಮಮ್ಮಂಗೂ ಹೀಗೇ ಆಗ್ತಿತ್ತು. ನಾನೇ ಸರಿ ಮಾಡ್ಲಿಲ್ವಾ? ಹೋಗು, ತಾರಸಿ ಮೇಲೆ ಹತ್ತು ನಿಮಿಷ ಬಿಸಿಲಿಗೆ ಮುಖ ಕೊಟ್ಟು ನಿಲ್ಲು. ಬೆಳಕು ಬೇಕು ನಿಂಗೆ.”

ಮಗಳು ಅಪ್ಪನ ಮುಖ ನೋಡಿದಳು. ಎದುರಾಡಲು ತ್ರಾಣವಿಲ್ಲದೆ ಮೆಟ್ಟಿಲು ಹತ್ತಿದಳು.

* * *

ಮದುವೆಯಾದ ಮೂರನೇ ವರ್ಷ ಅವನಿಗೆ ಹೆಂಡತಿಯ ಮನಸ್ಸಿನ ಏರಿಳಿತದ ಲೆಕ್ಕ ಸಿಕ್ಕಿತ್ತು. ಚಳಿಗಾಲದಲ್ಲಿ ಅವಳಂಥ ಹೆಂಗಸು ಬೀದಿಯಲ್ಲಿ ಇನ್ನೊಬ್ಬಳಿಲ್ಲ: ಹೊಲಿಗೆ ಮಿಷನ್ನಿನ ಸದ್ದಿನ ಮೇಲೆ ಹಾಡು, ಹಾಡಿನ ಮೇಲೆ ನಗು. ಬಿಸಿಲು ಏರಿತೋ, ಅದೇ ಮಿಷನ್ನಿನ ಮುಂದೆ ಸೂಜಿಗೆ ದಾರ ಪೋಣಿಸದೆ ಗಂಟೆಗಟ್ಟಲೆ ಕೂತಿರುತ್ತಿದ್ದಳು. ನಿದ್ದೆ ಹತ್ತುತ್ತಿರಲಿಲ್ಲ. ಮೈ ಇಳಿಯುತ್ತಿತ್ತು. ಕೇಳಿದರೆ ಏನೂ ಇಲ್ಲ ಎನ್ನುವಳು, ಇನ್ನೊಮ್ಮೆ ಕೇಳಿದರೆ ಸಿಡುಕುವಳು. ಶಾಲೆ ತೆರೆಯುವ ಮುಂಚಿನ ಹೊಲಿಗೆ ರಾಶಿ ಬಿದ್ದಿರುತ್ತದಲ್ಲ, ದಣಿವು ಎಂದರು ಎಲ್ಲರೂ.

ಆಗ ಅವನ ಲೈಟಿನಂಗಡಿಗೆ ಬಂದ ಬಲ್ಬಿನ ಪೆಟ್ಟಿಗೆಯಲ್ಲಿ ಒಂದು ಹಳೆ ಪೇಪರಿನ ಚೂರು ಸಿಕ್ಕಿತು. ವರ್ಷದ ಕೆಲವು ತಿಂಗಳು ಮಾತ್ರ ಮನಸ್ಸು ಕುಗ್ಗುವ ಕಾಯಿಲೆಯೊಂದಿದೆ, ಬೆಳಕು ಕಡಿಮೆಯಾಗುವುದು ಕಾರಣ, ಬೆಳಕೇ ಮದ್ದು ಎಂದು ಅದರಲ್ಲಿತ್ತು. ಬಲ್ಬು ಮಾರುವವನಿಗೆ ಇದಕ್ಕಿಂತ ಇನ್ನೇನು ಬೇಕು? ಬರಹದ ಉಳಿದರ್ಧ ಯಾವ ಬಲ್ಬಿಗೆ ಸುತ್ತಿಕೊಂಡು ಯಾರ ಮನೆಗೆ ಹೋಯಿತೋ, ಅವನು ಹುಡುಕಲಿಲ್ಲ.

ಮನೆಯ ಪರದೆಗಳನ್ನೆಲ್ಲ ಕಿತ್ತು ಹಾಕಿದ. ಅವಳ ಕೋಣೆಗೆ ಒಂದಿದ್ದ ಕಡೆ ನಾಲ್ಕು ಬಲ್ಬು ಹಾಕಿದ. ಮಂಚವನ್ನು ಕಿಟಕಿಯ ಕೆಳಗೆಳೆದ. ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಾ ಎಂದು ಬಾಗಿಲವರೆಗೆ ಬಂದು ಕಳಿಸಿದ. ಮೊದಲ ಎರಡು ವರ್ಷ ಅವಳು ಇನ್ನೂ ಸೊರಗಿದಳು. ಮೂರನೇ ಬೇಸಿಗೆಯಲ್ಲಿ, ಎರಡು ಗಂಟೆಗೆ ಹೊರಟವಳು ಐದಕ್ಕೆ ಮರಳಿದಾಗ ಮುಖದಲ್ಲಿ ಸ್ವಲ್ಪ ಜೀವ ಇತ್ತು. ದಿನ ಕಳೆದಂತೆ ಅನ್ನ ಸೇರಿತು, ಮಾತು ಮರಳಿತು.

“ನೋಡಿದ್ಯಾ? ಬಿಸಿಲು ಅಂದ್ರೆ ಬಿಸಿಲು,” ಎಂದು ಅವನು ಬೀದಿಗೆಲ್ಲ ಹೇಳಿಕೊಂಡು ಬಂದ.

ಅವಳು ನಕ್ಕು ಸೂಜಿಗೆ ದಾರ ಪೋಣಿಸಿದ್ದಳು.

* * *

ಎರಡು ಗಂಟೆಯ ಹೊತ್ತಿಗೆ ಜಗಲಿಯ ಹತ್ತಿರ ಒಬ್ಬ ಮುದುಕ ಬಂದು ಚಪ್ಪಲಿ ಬಿಟ್ಟ. ಮಾಸಿದ ಖಾಕಿ ಅಂಗಿ. ಯಾರ ಗುರುತೂ ಇಲ್ಲದವನಂತೆ ಅಂಜುತ್ತಾ ಒಳಗೆ ಹೋಗಿ, ಹೊದಿಕೆಯ ಮುಂದೆ ಬಹಳ ಹೊತ್ತು ನಿಂತು, ಹೊರಗೆ ಬಂದು ಜಗಲಿಯಲ್ಲಿ ಕೂತಿದ್ದ ಬಲ್ಬಣ್ಣನ ಪಕ್ಕ ಕೂತ.

“ನಾನು ಟಾಕೀಸಲ್ಲಿ ಟಾರ್ಚ್ ಹಿಡಿದು ಸೀಟು ತೋರ್ಸೋನು ಸ್ವಾಮಿ. ನಿನ್ನೆ ಅಮ್ಮಾವ್ರು ಮ್ಯಾಟಿನಿಗೆ ಬರ್ಲಿಲ್ಲ. ಬೇಸಿಗೇಲಿ ಒಂದಿನಾನೂ ತಪ್ಪಿಸ್ದೋರಲ್ಲ. ವಿಚಾರಿಸ್ದೆ. ಹೀಗಾಗಿದೆ ಅಂದ್ರು.”

“ಮ್ಯಾಟಿನಿಗಾ? ಅವಳಿಗೆ ಸಿನಿಮಾ ಹುಚ್ಚೇ ಇರ್ಲಿಲ್ಲ. ಆ ಹೊತ್ತಲ್ಲಿ ಅವಳು ವಾಕಿಂಗ್ ಹೋಗ್ತಿದ್ಲು.”

“ಸಿನಿಮಾ ಎಲ್ಲಿ ನೋಡ್ತಿದ್ರು? ಹಿಂದಿನ ಸಾಲು, ಮೂಲೆ ಸೀಟು. ಲೈಟ್ ಆರಿದ್ದೇ ತಡ, ಮಗು ಥರ ನಿದ್ದೆ. ಒಂದೇ ಸಿನಿಮಾ ನಲವತ್ತು ದಿನ ಓಡ್ತು ಒಂದ್ಸಲ, ಹೀರೋ ಯಾರಮ್ಮ ಅಂದ್ರೆ ಗೊತ್ತಿಲ್ಲ ಅಂದ್ರು.” ಮುದುಕ ನಗಲು ಹೋಗಿ ನಿಲ್ಲಿಸಿದ. “ಆ ಕಡೆ ಟಾರ್ಚ್ ಬಿಡ್ತಿರ್ಲಿಲ್ಲ ನಾನು. ಬೇರೆ ಯಾರನ್ನೂ ಅಲ್ಲಿ ಕೂರಿಸ್ತಿರ್ಲಿಲ್ಲ.”

ಬಲ್ಬಣ್ಣ ಅವನ ಕಡೆ ತಿರುಗಿದ. “ಯಾಕಂತೆ?”

“ದೊಡ್ಡಾಸ್ಪತ್ರೆ ಡಾಕ್ಟರಮ್ಮ ಹೇಳಿದ್ರಂತೆ. ಹೆಚ್ಚು ಜನಕ್ಕೆ ಚಳೀಲಿ ಮನಸ್ಸು ಕುಗ್ಗತ್ತೆ, ಕೆಲವ್ರಿಗೆ ಬೇಸಿಗೇಲೇ. ಅಂಥೋರಿಗೆ ಉರಿ, ಬೆಳಕು ಆಗ್ಬರಲ್ಲ. ತಂಪಾಗಿರೋ ಕತ್ತಲೆ ಜಾಗ, ಹೊತ್ತಿಗೆ ಸರಿಯಾಗಿ ನಿದ್ದೆ ಬೇಕು ಅಂತ. ಮಾತ್ರೇನೂ ಕೊಟ್ಟಿದ್ರು. ಸೀಟಲ್ಲಿ ಕೂತ್ಕೊಂಡೇ ನುಂಗ್ತಿದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

ಮುದುಕ ಚಪ್ಪಲಿಯ ಕಡೆ ನೋಡುತ್ತಾ ಹೇಳಿದ: “ನಾನೂ ಕೇಳಿದ್ದೆ. ಹೇಳೋಣ ಅಂತ ಬಾಯಿ ತೆರೆಯೋ ಅಷ್ಟರಲ್ಲಿ ನಮ್ಮನೆಯವ್ರು ಹೊಸ ಬಲ್ಬ್ ಹಿಡ್ಕೊಂಡು ಏಣಿ ಹತ್ತಿರ್ತಾರೆ, ಅಂದ್ರು. ಅವ್ರ ಮುಖ ನೋಡಿದ್ರೆ ಬೇಡ ಅನ್ನೋಕೆ ಬಾಯಿ ಬರಲ್ಲ ಅಂದ್ರು. ನಿಮ್ಮ ಮೇಲೆ ಒಂದೂ ಕೆಟ್ಟ ಮಾತು ಆಡಿದೋರಲ್ಲ ಸ್ವಾಮಿ.”

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಇಪ್ಪತ್ತೆಂಟು ಬೇಸಿಗೆ. ಅವಳ ಕಣ್ಣಿಗೆ ಬೆಳಕು ಸುರಿದು ಸುರಿದು, ಅವಳು ತಲೆಯ ಮೇಲೆ ದಿಂಬು ಒತ್ತಿಕೊಂಡಾಗ ಅದನ್ನೂ ಪ್ರೀತಿಯಿಂದ ಎತ್ತಿ ಪಕ್ಕಕ್ಕಿಟ್ಟವನು ಅವನೇ. ಅವನು ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಮುದುಕ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದ.

ಮೂರಕ್ಕೆ ಗಾಡಿ ಬಂದು ನಿಂತಿತು. ಬಲ್ಬಣ್ಣ ಒಳಗೆ ಹೋಗಿ ಸ್ವಿಚ್ಚುಗಳನ್ನೆಲ್ಲ ಆರಿಸಿದ.

“ಭಾವ, ಕೊನೇ ಸಲ ಮುಖ ನೋಡೋರಿದ್ದಾರೆ,” ಎಂದಳು ನಾದಿನಿ.

“ಸಾಕು. ಮಲಗ್ಲಿ.”

* * *

ಮಣ್ಣು ಮಾಡಿ ಮನೆಗೆ ಬಂದಾಗ ಐದೂವರೆ. ಬೇಸಿಗೆಯ ಹಗಲು, ಸೂರ್ಯನಿಗೆ ಹೋಗುವ ಆತುರವೇ ಇರಲಿಲ್ಲ. ಬಂದವರು ಒಬ್ಬೊಬ್ಬರಾಗಿ ಹೊರಟರು. ನಾದಿನಿ ಪಾತ್ರೆ ತೊಳೆಯುತ್ತಿದ್ದಳು.

ಒಳಕೋಣೆಯಲ್ಲಿ ಮಗಳು ಅಮ್ಮನ ಮಂಚದ ಮೇಲೆ ಉರುಳಿಕೊಂಡಿದ್ದಳು. ಬೆಳಿಗ್ಗೆ ತಾರಸಿಯ ಬಿಸಿಲಿಗೆ ಕೆಂಪೇರಿದ್ದ ಕೆನ್ನೆ ಇನ್ನೂ ಹಾಗೇ ಇತ್ತು. ಬರಿದಾದ ಪಡುವಣ ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಮೊಣಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು.

“ಪುಟ್ಟಿ,” ಎಂದ ಅವನು. “ಬೆಳಿಗ್ಗೆ ಹೇಳಿದ್ದು ತಪ್ಪು. ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ, ಅವ್ರು ಹೇಳೋದನ್ನ ಪೂರ್ತಿ ಕೇಳ್ತೀನಿ.”

“ಹೂಂ,” ಎಂದಳು. ಅವಳ ದನಿ ಒಡೆಯಿತು. ಬೆಳಗಿನಿಂದ ಬಾರದ ಅಳು ಆಗ ಬಂತು. ಅತ್ತು ಅತ್ತು ಸೋತು ಅವಳ ಮೊಣಕೈ ಜಾರಿತು, ರೆಪ್ಪೆ ಮುಚ್ಚಿತು, ಆದರೆ ಬಿಸಿಲಿಗೆ ಹುಬ್ಬು ಮತ್ತೆ ಮತ್ತೆ ಗಂಟಿಕ್ಕುತ್ತಿತ್ತು.

ಬಲ್ಬಣ್ಣ ಸುತ್ತ ನೋಡಿದ. ಪರದೆ ಇಲ್ಲ, ಕಂಬಿಯೂ ಇಲ್ಲ. ಮೊಳೆ ಹೊಡೆದರೆ ಎಚ್ಚರವಾಗುತ್ತದೆ. ಮೂಲೆಯಲ್ಲಿದ್ದ ದಪ್ಪ ಹಾಸನ್ನು ಬಿಡಿಸಿ, ಎರಡು ತುದಿ ಹಿಡಿದು, ತೋಳೆತ್ತಿ ಕಿಟಕಿಗೆ ಬೆನ್ನು ಕೊಟ್ಟು ನಿಂತ. ನೆರಳು ಮಗಳ ಗಲ್ಲದಿಂದ ತುಟಿಗೆ, ತುಟಿಯಿಂದ ಕಣ್ಣಿಗೆ ಏರಿತು. ಹುಬ್ಬಿನ ಗಂಟು ಬಿಚ್ಚಿತು.

ಸ್ವಲ್ಪ ಹೊತ್ತಿನ ಮೇಲೆ ನಾದಿನಿ ಬಾಗಿಲಿಗೆ ಬಂದಳು. “ಭಾವ, ಇದೇನಿದು? ಕೈ ಬಿದ್ದು ಹೋಗತ್ತೆ,” ಎಂದು ಪಿಸುಗುಟ್ಟಿದಳು.

ಅವನು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. ತೋಳು ನಡುಗುತ್ತಿತ್ತು, ಬೆನ್ನು ಬಿಸಿಲಿಗೆ ಕಾಯುತ್ತಿತ್ತು. ಮಗಳ ಉಸಿರು ನಿಧಾನಕ್ಕೆ ಸಮವಾಯಿತು. ಹೊರಗೆ ಸೂರ್ಯ ಒಂದಿಷ್ಟು ಜರುಗಿದ. ಬಲ್ಬಣ್ಣನೂ ಅರ್ಧ ಹೆಜ್ಜೆ ಜರುಗಿದ.