ಸಾಬಣ್ಣನ ಒಡಪಿಗೊಂದು ರೌಟರ್

ಸೊಸೆಯನ್ನು ಹೊಗಳುವ ಮಾವಂದಿರು ನಮ್ಮ ಕಡೆ ಅಪರೂಪ. ಹೊಗಳಿದರೂ ಅವಳ ಕೈರುಚಿಗೊಂದು ಮಾತು ಒಗೆದು ಸುಮ್ಮನಾಗುತ್ತಾರೆ. ಹೈದರಾಬಾದಿನ ಸಂತೋಷನಗರದ ವೀರಭದ್ರಪ್ಪನವರು ಮಾತ್ರ ಸೊಸೆ ಶ್ರೀವಿದ್ಯಾಳ ಸುದ್ದಿ ತೆಗೆದರೆ ಎದುರಿನವರ ಚಹಾ ಆರಿಹೋದರೂ ಬಿಡುವುದಿಲ್ಲ. ಹಾಗಂತ ಸಿಕ್ಕಿದ್ದನ್ನೆಲ್ಲ ಮೆಚ್ಚುವ ಆಸಾಮಿಯೇನಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ತಪಾಸಣೆ ಮಾಡಿ ಮಾಡಿಯೇ ನಿವೃತ್ತರಾದವರು. ಮನೆಗೆ ತಂದ ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ನೋಡದೆ ಒಳಗೆ ಬಿಡುವವರಲ್ಲ.

ಶ್ರೀವಿದ್ಯಾ ಮಾಡುವ ಕೆಲಸ ಮಾತು ಕಲಿಸುವುದು. ಲಕ್ವಾ ಹೊಡೆದು ಮಾತು ಕಳೆದುಕೊಂಡವರಿಗೆ ಅದನ್ನು ಮರಳಿ ತರಿಸುವ ವಿದ್ಯೆ ಅವಳದು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನದ ಮೇಲೆ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ. ಯಾದಗಿರಿ, ಶಹಾಪುರದ ಕಡೆಯ ರೋಗಿಗಳು ವಿಡಿಯೋದಲ್ಲಿ ಬರುತ್ತಾರೆ. ಅವರಲ್ಲಿ ಸಾಬಣ್ಣ ಒಬ್ಬ. ಭೀಮಾ ದಂಡೆಯ ಊರಿನವನು. ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತರೆ ಅವನ ದನಿ ಇಡೀ ಸಂತೆಗೆ ಕೇಳುತ್ತಿತ್ತಂತೆ. ಈಗ "ಹಾಂ", "ಊಂ" ಬಿಟ್ಟು ಬೇರೆ ಮಾತಿಲ್ಲ.

ಅವನ ಹೆಂಡತಿ ಬಂಡೆಮ್ಮ ಮೊದಲ ದಿನವೇ ತನ್ನ ಆಸೆ ಹೇಳಿಕೊಂಡಿದ್ದಳು.

"ಇವ್ರು ಎಂದೂ ನನ್ನ ಹೆಸರ್ಲೆ ಕರದವ್ರಲ್ರಿ. 'ಏ ಇಕಿ' ಅಂತಿದ್ರು, ಅಷ್ಟ. ಹೆಸರ ಹೇಳಿದ್ದು ಒಂದ ಸಲ, ಮದಿವ್ಯಾಗ, ಒಡಪಿನ್ಯಾಗ. ಅದನ್ನ ಇನ್ನೊಮ್ಮಿ ಕೇಳಬೇಕು ಅನಸ್ತದ್ರಿ."

ಗಂಡ ಹೆಂಡತಿ ಹೆಸರು ಹಿಡಿದು ಕರೆಯದ ಆ ಸೀಮೆಯಲ್ಲಿ, ಮದುವೆಯ ದಿನ ಮಾತ್ರ ಹೆಸರನ್ನೊಂದು ಪ್ರಾಸದ ಸಾಲಿನಲ್ಲಿಟ್ಟು ಎಲ್ಲರ ಮುಂದೆ ಹೇಳಿಸುತ್ತಾರೆ. ಅದೇ ಒಡಪು. ಶ್ರೀವಿದ್ಯಾ ಆ ಎಳೆಯನ್ನೇ ಹಿಡಿದಳು. ಬಿಡಿ ಮಾತು ಬಾರದವರಿಗೂ ಲಯದ ಮಾತು ಒಮ್ಮೊಮ್ಮೆ ಒಲಿಯುತ್ತದೆ ಎಂದು ಮಾವನಿಗೆ ತಿಳಿಸಿ ಹೇಳಿದಳು. ಆದರೆ ಅವಸರ ಮಾಡುವಂತಿಲ್ಲ. ಸಾಬಣ್ಣ ಒಳಗೊಳಗೇ ಹುಡುಕುವಾಗ ಎದುರಿಗಿದ್ದವರು ತುಟಿ ಪಿಟಕ್ಕೆನ್ನದೆ ಕಾಯಬೇಕು.

ಕಾಯುವುದಕ್ಕೆ ಶ್ರೀವಿದ್ಯಾ ಸಿದ್ಧಳಿದ್ದಳು, ಮನೆಯ ಇಂಟರ್ನೆಟ್ ಸಿದ್ಧವಿರಲಿಲ್ಲ. ಗೋಡೆಗೆ ಫೈಬರ್ ಕಂಪನಿಯ ಹಳೆಯ ಮೋಡೆಮ್. ಅಲ್ಲಿಂದ ವೈರು ಎಳೆದು, ಅತ್ತೆ ಪ್ರಫುಲ್ಲಾ ಅವರ ಶೋಕೇಸಿನಲ್ಲಿ ಹಿತ್ತಾಳೆ ಕೊಡಗಳ ಹಿಂದೆ ಒಂದು ರೌಟರ್. ಧೂಳು ಕೂರಬಾರದೆಂದು ಅದರ ಮೇಲೆ ಕ್ರೋಶಾ ಹೆಣಿಕೆಯ ಮುಸುಕು ಬೇರೆ, ಮದುಮಗಳಿಗೆ ಹೊದಿಸಿದ ಹಾಗೆ. ಕರೆಂಟು ಒಮ್ಮೆ ಕಣ್ಣು ಹೊಡೆದರೆ ಎರಡೂ ಸತ್ತು, ಒಂದು ಎದ್ದರೆ ಇನ್ನೊಂದು ಏಳುತ್ತಿರಲಿಲ್ಲ. ಹೋದ ವಾರ ಸಾಬಣ್ಣನ ತುಟಿ "ಬ" ಎಂದು ಕೂಡಿದ ಹೊತ್ತಿಗೇ ಲೈನು ಹೋಯಿತು. ಮತ್ತೆ ಬರುವಷ್ಟರಲ್ಲಿ ಕುರ್ಚಿ ಖಾಲಿ.

"ಇನ್ನ ಬ್ಯಾಡ ಅಂತ ಕೈ ಮಾಡಾಕತ್ತಾರ್ರಿ," ಎಂದಳು ಬಂಡೆಮ್ಮ. "ನಡುವ ಕಡದ್ರ ತನ್ನದ ತಪ್ಪು ಅಂತ ತಿಳಕೊಂತಾರ. ಶುಕ್ರವಾರ ಒಂದ್ಸಲ ಹೆಂಗರ ಮಾಡಿ ಕೂಡಸ್ತೀನಿ. ಅದೂ ಕೆಟ್ರ ಅವ್ರು ಇನ್ನ ಬರಂಗಿಲ್ರಿ."

ಮರುದಿನವೇ ಮಾವ ಸೊಸೆ ನಾಂಪಲ್ಲಿಯ ಹತ್ತಿರದ ಅಂಗಡಿಗೆ ಹೊರಟರು. ವೀರಭದ್ರಪ್ಪನವರ ಕಣ್ಣು ನೇರ ಹೋಗಿ ನೆಟ್ಟಿದ್ದು ಎಂಟು ಆಂಟೆನಾ ಸೆಟೆದುಕೊಂಡಿದ್ದ ಒಂದು ಕರಿ ರೌಟರಿನ ಮೇಲೆ. ಗತ್ತು ಅಂದರೆ ಗತ್ತು. ಅಂಗಡಿಯ ಕೌಶಲ್, "ಸೂಪರ್ ಸ್ಪೀಡ್ ಅಂಕಲ್, ಲೇಲೋ" ಎಂದು ಒಗ್ಗರಣೆ ಹಾಕಿದ.

ಶ್ರೀವಿದ್ಯಾ ಅದನ್ನು ತಿರುಗಿಸಿ ಹಿಂಬದಿ ನೋಡಿದಳು. "ಮಾವಾರ, ಇದಕ್ಕ ಫೈಬರ್ ವೈರ್ ನೇರ ಹತ್ತಂಗಿಲ್ರಿ. ಮತ್ತ ಗ್ವಾಡಿ ಮ್ಯಾಲಿನ ಡಬ್ಬಿ ಬೇಕ ಆಗ್ತದ. ನಮಗ ಎರಡೂ ಕೆಲಸ ಒಂದರಾಗ ಮಾಡೋದು ಬೇಕು."

"ಒಂದರಾಗ ಎರಡು ಅಂದ್ರ, ಕೆಟ್ರ ಎರಡೂ ಕೆಡ್ತಾವಲ್ಲವಾ?"

"ಕೆಡ್ತಾವ್ರಿ. ಆದ್ರ ಈಗ ಯಾವುದು ಕೆಟ್ಟೈತಿ ಅಂತ ಹುಡುಕೋದ್ರಾಗ ಹೊತ್ತು ಹೋಗಾಕತ್ತೈತಿ. ಒಂದ ಇದ್ರ ಒಂದ ಸಣ್ಣ ಬ್ಯಾಟರಿ ಸಾಕು, ಕರೆಂಟ್ ಹೋದ್ರೂ ನಿಲ್ಲಂಗಿಲ್ಲ. ನನಗ ಸ್ಪೀಡ್ ಯಾಕ್ರಿ? ಸಾಬಣ್ಣಾರು ಓಡಂಗಿಲ್ಲ, ನಾನೂ ಓಡಂಗಿಲ್ಲ. ಕೈ ಬಿಡಲಾರದಂಗ ಲೈನ್ ಇದ್ರ ಸಾಕು."

ವೀರಭದ್ರಪ್ಪನವರಿಗೆ ಭಲೇ ಎನಿಸಿತು. ತಮ್ಮ ಸರ್ವೀಸಿನಲ್ಲಿ ಎಷ್ಟು ಇಂಜಿನಿಯರುಗಳನ್ನು ನೋಡಿಲ್ಲ? ಏನು ಬೇಕು ಎಂದು ಹೇಳುವವರು ಬೇಕಾದಷ್ಟು, ಏನು ಬೇಡ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಎಷ್ಟು ಮಂದಿ? ಶ್ರೀವಿದ್ಯಾ ಅಲ್ಲಿಂದಲೇ ಫೈಬರ್ ಕಂಪನಿಗೆ ಫೋನು ಮಾಡಿ, ಈ ಮಾಡೆಲ್ಲು ನಿಮ್ಮ ಲೈನಿಗೆ ನಡೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆಯೇ ಒಂದು ಸಾದಾ ಬಿಳಿ ಡಬ್ಬಿಯನ್ನು, ಜೊತೆಗೊಂದು ಸಣ್ಣ ಬ್ಯಾಟರಿಯನ್ನು ಆರಿಸಿದಳು. ನೋಡಲು ಡಬ್ಬಿ ಸಪ್ಪೆ, ಎರಡೇ ಆಂಟೆನಾ. ಮಾವನವರು ದುಡ್ಡು ಎಣಿಸಿ ಕೊಟ್ಟರು.

ಮನೆಯಲ್ಲಿ ತಪಾಸಣೆ ಶುರುವಾಯಿತು. ಹೇಗೆ ಬಳಸುತ್ತೇವೋ ಹಾಗೇ ಪರೀಕ್ಷೆ ಮಾಡಬೇಕು ಎಂಬುದು ವೀರಭದ್ರಪ್ಪನವರ ಹಳೆಯ ಶಿಸ್ತು. ಅವರು ಫೋನು ಹಿಡಿದು ಮಾಳಿಗೆ ಹತ್ತಿ ಸಾಬಣ್ಣನಾಗಿ ಸುಮ್ಮನೆ ಕೂತರು. ಶ್ರೀವಿದ್ಯಾ ಕೆಳಗೆ ಲ್ಯಾಪ್‌ಟಾಪಿನಲ್ಲಿ ಕಾಯುತ್ತ ಕೂತಳು. ಪ್ರಫುಲ್ಲಾ ನಡುನಡುವೆ ಮೇನ್ ಸ್ವಿಚ್ ತೆಗೆದು ಹಾಕಬೇಕು. ಡಬ್ಬಿ ಪಾಸಾಯಿತು. ಫೇಲಾದವರು ವೀರಭದ್ರಪ್ಪನವರೇ. ಸ್ವಲ್ಪ ಹೊತ್ತು ಕೂತದ್ದೇ ತಡ, "ಕೇಳಾಕತ್ತೈತೇನವಾ? ಅದಿಯೇನು?" ಎಂದು ಬಾಯಿ ಬಿಟ್ಟರು. ಮತ್ತೆ ಕೂತರು, ಮತ್ತೆ ಬಿಟ್ಟರು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಈ ಹುಡುಗಿ ದಿನಾಲೂ ಇದನ್ನೇ ಮಾಡುತ್ತಾಳಲ್ಲ, ಅದೂ ಮುಖ ಕಿಂಚಿತ್ತೂ ಕಿವುಚದೆ, ಎಂದು ಅವರಿಗೆ ಸೊಸೆಯ ಮೇಲೆ ಗೌರವ ಉಕ್ಕಿ ಬಂತು.

ಶುಕ್ರವಾರ ಸಾಬಣ್ಣ ಬಂದ. ಬಂದ ಎನ್ನುವುದಕ್ಕಿಂತ ಬಂಡೆಮ್ಮ ರಮಿಸಿ ತಂದು ಕೂಡಿಸಿದಳು. ಅವನ ಮುಖ ಗಂಟಿಕ್ಕಿತ್ತು. ಶ್ರೀವಿದ್ಯಾ ತೊಡೆಯ ಮೇಲೆ ತಾಳ ಹಾಕುತ್ತ, ಬಂಡೆಮ್ಮನಿಂದ ಕೇಳಿಟ್ಟುಕೊಂಡಿದ್ದ ಒಡಪಿನ ಮೊದಲ ಸಾಲು ಎತ್ತಿಕೊಟ್ಟಳು.

"ಭೀಮಾ ಹೊಳಿ ದಂಡಿ ಮ್ಯಾಲೆ ಬೆಳ್ಳಗ ಜ್ವಾಳದ ತೆನಿ..."

ಎಡಗೈಯಿಂದ ತಾಳ ಹಿಡಿದು ಸಾಬಣ್ಣನೂ ತೊದಲಿದ. "ಭೀಮಾ... ಹೊಳಿ... ತೆನಿ." ಮುಂದಿನ ಸಾಲಿಗೆ ಬಂದು ನಿಂತ. ಕೈ ನಿಂತಿತು. ಕಣ್ಣು ಎಲ್ಲೋ ನೆಟ್ಟಿತು. ಶ್ರೀವಿದ್ಯಾಳೂ ಅಲುಗಲಿಲ್ಲ. ಪರದೆಯ ಮೇಲೆ ಎರಡು ಮುಖ, ಎರಡೂ ಚಿತ್ರ ಬಿಡಿಸಿಟ್ಟ ಹಾಗೆ.

ಬಾಗಿಲ ಬಳಿ ನಿಂತಿದ್ದ ವೀರಭದ್ರಪ್ಪನವರು ಪರದೆಯತ್ತ ಕತ್ತು ಚಾಚಿದರು. ಮುಗೀತು, ಲೈನು ಸಿಕ್ಕಿಕೊಂಡಿತು ಎಂದುಕೊಂಡರು. ಡಬ್ಬಿಯನ್ನೊಮ್ಮೆ ಆರಿಸಿ ಹಾಕಿಬಿಟ್ಟರೆ ಸರಿಯಾದೀತು ಎಂದು ಸದ್ದಾಗದಂತೆ ಗೋಡೆಯ ಕಡೆ ಸರಿದು ಡಬ್ಬಿಯ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

ಮಾವ ಸರಿದದ್ದು ಕಣ್ಣಂಚಿಗೆ ಬಿದ್ದರೂ ಶ್ರೀವಿದ್ಯಾ ತಿರುಗಲಿಲ್ಲ. ಪರದೆಯಿಂದ ಕಣ್ಣು ಕೀಳದೆ, ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಕೆಳಗೆ ಅಂಗೈ ಅಗಲಿಸಿ ಹಿಡಿದಳು. ತಡೀರಿ ಎಂದು.

ಅವರು ತಡೆದರು. ಬೆರಳು ಸ್ವಿಚ್ಚಿನ ಮೇಲೇ ಇತ್ತು, ಆದರೂ ತಡೆದರು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಬಂದು, ಕೂಗಿಕೊಂಡು ಬೀದಿ ದಾಟಿಹೋದ.

"ಬಂ..." ಎಂದ ಸಾಬಣ್ಣ. "ಬಂಡೆಮ್ಮ... ಬಂದ ಮ್ಯಾಲೆ... ಬೆಳಕಾತು ಮನಿ."

ವೀರಭದ್ರಪ್ಪನವರು ಸ್ವಿಚ್ಚಿನ ಮೇಲಿನ ಬೆರಳನ್ನು ಮೆಲ್ಲಗೆ ತೆಗೆದರು. ಅಷ್ಟು ಹೊತ್ತು ಸಿಕ್ಕಿಕೊಂಡದ್ದು ಲೈನಲ್ಲ, ಒಂದು ಹೆಸರು ದಾರಿಯಲ್ಲಿತ್ತು ಎಂದು ಅವರಿಗೆ ಹೊಳೆದದ್ದು ಆಗಲೇ. ಸೊಸೆಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಅವರು ಕಣ್ಣೊರೆಸಿಕೊಂಡರು, ಯಾರು ನೋಡಿದರೂ ನೋಡಲಿ ಎಂದು.

ಪರದೆಯಲ್ಲಿ ಬಂಡೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೆರಗು ಸರಿಸಿ ಅಂದಳು:

"ಮದಿವ್ಯಾಗೂ ಹಿಂಗ ನಿಂತಿದ್ರು ನೋಡ್ರಿ ಇವ್ರು. ಇಷ್ಟ ಹೊತ್ತು."