ಹೊರಸುತ್ತಿನ ನಟ್ಟುಗಳು

ಇನ್ನೊಂದು ನಟ್ಟು ಕಿರ್ರೆಂದು ಸಡಿಲವಾದಾಗ ಅತ್ತಿಗೆಗೆ ಒಳಗೊಳಗೇ ಖುಷಿಯಾಯಿತು. ಮೈದುನ ಶೆಡ್ಡಿನ ನೆಲದ ಮೇಲೆ ಮಂಡಿಯೂರಿ, ಉದ್ದ ಹಿಡಿಯ ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಪಿಕಪ್ಪಿನ ಮುಂದಿನ ಚಕ್ರವನ್ನು ಬಿಚ್ಚುತ್ತಿದ್ದ. ಅವನು ಬಣ್ಣ ಹೊಡೆಯುವವನು, ಸ್ಪ್ಯಾನರ್ ಹಿಡಿಯುವುದು ಅವನ ಕೆಲಸವಲ್ಲ. ಆದರೂ ಅಣ್ಣ ಹೊಸ ಟೈರು ತರುವಷ್ಟರಲ್ಲಿ ಚಕ್ರಗಳನ್ನೆಲ್ಲ ಬಿಚ್ಚಿಟ್ಟಿರೋಣವೆಂದು ತಾನಾಗಿಯೇ ಹೊರಟಿದ್ದ.

"ಬಿಚ್ಚಲಾ ಅತ್ತಿಗೆ? ಅವನಿಗೂ ಒಂದು ಕೆಲಸ ಕಮ್ಮಿ ಆಗತ್ತೆ," ಎಂದು ಕೇಳಿದಾಗ ಅವಳು, "ಅದಕ್ಕೇನು ಕೇಳ್ತೀಯ, ಬಿಚ್ಚು," ಎಂದು ಹುರಿದುಂಬಿಸಿದ್ದಳು. ಅಣ್ಣನ ವಿಷಯದಲ್ಲಿ ಅವನ ಬಾಯಿಂದ ಇಷ್ಟು ಮೆತ್ತಗಿನ ಮಾತು ಬಂದು ವರ್ಷವೇ ಆಗಿತ್ತು.

ವರ್ಷದ ಹಿಂದೆ ಅಣ್ಣ ಗಿರಾಕಿಯೊಬ್ಬನ ಎದುರಿಗೇ ಬ್ಲೇಡು ತೆಗೆದುಕೊಂಡು, ತಮ್ಮ ಬಣ್ಣ ಹೊಡೆದಿದ್ದ ಕಾರಿನ ಬಾಗಿಲನ್ನು ಕೆರೆದು, ಒಳಗೆ ತಗ್ಗು ಮುಚ್ಚಲು ಮೆತ್ತಿದ್ದ ದಪ್ಪ ಪುಟ್ಟಿಯನ್ನು ತೋರಿಸಿ, "ನೋಡಿ ಸಾರ್, ಇದು ನಮ್ಮ ಕಲಾವಿದರ ಕೈಚಳಕ," ಎಂದಿದ್ದ. ಅಂದೇ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಶೆಡ್ಡು ಒಂದೇ, ಮನೆ ಒಂದೇ, ಉಣ್ಣುವ ಮೇಜೂ ಒಂದೇ. ಆದರೆ ಉಪ್ಪು ಬೇಕಾದರೂ "ಉಪ್ಪು ಕೊಡು ಅನ್ನು ಅವನಿಗೆ" ಎಂದು ಅತ್ತಿಗೆಯ ಮುಖವನ್ನೇ ನೋಡಬೇಕು.

ಅವಳೇನೂ ಕೇಳಿದ್ದನ್ನು ಕೇಳಿದ ಹಾಗೇ ದಾಟಿಸುವವಳಲ್ಲ. ಆ ಕಡೆಯಿಂದ ಬಂದ ಬೈಗುಳವನ್ನು ನುಂಗಿ, ಉಳಿದದ್ದನ್ನು ತೊಳೆದು ಒರೆಸಿ ಈ ಕಡೆ ಕೊಡುವಳು. ಕೆಲವೊಮ್ಮೆ ತೀರಾ ಸಪ್ಪೆ ಎನಿಸಿದರೆ ತನ್ನ ಕೈಯಿಂದಲೇ ಒಂದಿಷ್ಟು ಸಕ್ಕರೆ ಬೆರೆಸುವಳು. ಇಷ್ಟು ಮಾಡದಿದ್ದರೆ ಈ ಮನೆ ಎಂದೋ ಎರಡು ಪಾಲಾಗುತ್ತಿತ್ತು ಎಂದು ಅವಳ ನಂಬಿಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಪಾಪ.

ಪಿಕಪ್ಪು ಸೈನ್ಯದವರು ಹಳತಾಯಿತೆಂದು ಹರಾಜಿಗೆ ಹಾಕಿದ್ದು. ಗುಡ್ಡದ ಮೇಲಕ್ಕೆ ಜೇನುಪೆಟ್ಟಿಗೆ ಸಾಗಿಸುವ ಹೆಂಗಸೊಬ್ಬಳು ಕೊಂಡು ತಂದು ನಿಲ್ಲಿಸಿದಾಗ ಅದು ಬರೀ ತುಕ್ಕಿನ ಮುದ್ದೆ, ಸೀಟಿನೊಳಗೆ ಇಲಿಗಳ ತುಂಬು ಸಂಸಾರ. ಅಣ್ಣ ಇಂಜಿನ್ ಇಳಿಸಿ ಬಿಚ್ಚಿ ಕಟ್ಟಿದ, ಪವರ್ ಸ್ಟೀರಿಂಗ್ ಕೂರಿಸಿದ, ಹಳೆಯ ಬ್ರೇಕು ಕಿತ್ತು ಡಿಸ್ಕ್ ಬ್ರೇಕು ಹಾಕಿದ. ತಮ್ಮ ತೂತು ಬಿದ್ದ ತಗಡುಗಳನ್ನು ಬೆಸೆದು, ಉಜ್ಜಿ, ಕಡುಹಸಿರು ಬಣ್ಣ ಹೊಡೆದ. ಚಕ್ರಗಳಿಗೆ ಮಿರಿಮಿರಿ ಮಿಂಚುವ ಕಪ್ಪು.

"ಎಷ್ಟು ನುಣ್ಣಗೆ ಬಂದಿದೆಯೋ! ನಟ್ಟು ಯಾವುದು, ರಿಮ್ಮು ಯಾವುದು ಗೊತ್ತೇ ಆಗಲ್ಲ," ಎಂದಳು ಅತ್ತಿಗೆ.

"ಮತ್ತೆ? ಮುಂಚೆ ಹೊರಸುತ್ತಿನ ನಟ್ಟಿಗೆಲ್ಲ ಕೆಂಪು ಬಳಿದಿದ್ರು. ಸಿಡುಬು ಎದ್ದ ಹಾಗೆ ಕಾಣ್ತಿತ್ತು, ಅಸಹ್ಯ. ನಿನ್ನೆ ರಾತ್ರಿ ಎಲ್ಲದಕ್ಕೂ ಕಪ್ಪು ಹೊಡೆದುಬಿಟ್ಟೆ."

ಅವಳ ನಗು ಅಲ್ಲೇ ನಿಂತಿತು. ಗಂಡ ಊಟದ ನಡುವೆ ಹೇಳಿದ್ದ ಮಾತು ನೆನಪಾಯಿತು. "ಚಕ್ರಕ್ಕೆ ಕಪ್ಪು ಹೊಡಿ ಅನ್ನು. ಆ ಕೆಂಪು ನಟ್ಟಿನ ತಂಟೆಗೆ ಮಾತ್ರ ಹೋಗಬೇಡ ಅನ್ನು. ಪೆದ್ದನಿಗೆ ಅಷ್ಟೂ ತಿಳಿಯಲ್ಲ, ಬಿಡಿಸಿ ಹೇಳು." ಅಂದು ಮೈದುನ ಬೇರೆ ಶೆಡ್ಡು ಹುಡುಕುತ್ತೇನೆಂದು ಮುಖ ಊದಿಸಿಕೊಂಡಿದ್ದ. ಅಂಥವನಿಗೆ ಬಣ್ಣದ ವಿಷಯದಲ್ಲೇ ಅದು ಮುಟ್ಟಬೇಡ, ಇದು ಮುಟ್ಟಬೇಡ ಎಂದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ ಎಂದುಕೊಂಡಿದ್ದಳು. "ಚಕ್ರಕ್ಕೆ ಕಪ್ಪು ಹೊಡೀಬೇಕಂತೆ. ಉಳಿದದ್ದು ನಿನ್ನ ಇಷ್ಟಕ್ಕೇ ಬಿಟ್ಟಿದಾರೆ," ಎಂದಷ್ಟೇ ದಾಟಿಸಿದ್ದಳು.

ಕೆಂಪು ಯಾಕಿತ್ತೋ ಅವಳಿಗೆ ಗೊತ್ತಿರಲಿಲ್ಲ. ಆದರೂ "ಸ್ವಲ್ಪ ತಾಳೋ," ಎನ್ನುವಷ್ಟರಲ್ಲಿ ಗೇಟಿನ ಬಳಿ ಸಾಮಾನಿನ ಆಟೋ ಬಂದು ನಿಂತಿತು.

ಅಣ್ಣ ಇಳಿದು ಒಂದು ಟೈರನ್ನು ಉರುಳಿಸಿಕೊಂಡು ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತ. ಟೈರು ಅವನ ಕೈ ಬಿಟ್ಟು ಗೋಡೆಗೆ ಬಡಿದು ಬಿದ್ದಿತು.

ಸೈನ್ಯದ ಆ ಚಕ್ರದ ರಿಮ್ಮು ಒಂದಲ್ಲ, ಎರಡು ಹೋಳು. ಒಳಸುತ್ತಿನ ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದಿಡುತ್ತವೆ. ಹೊರಸುತ್ತಿನವು ಎರಡು ಹೋಳುಗಳನ್ನು ಒಂದಕ್ಕೊಂದು ಬಿಗಿದಿಡುತ್ತವೆ. ಟೈರಿನಲ್ಲಿ ಗಾಳಿ ಇರುವಾಗ ಹೊರಸುತ್ತನ್ನು ಬಿಚ್ಚಿದರೆ ರಿಮ್ಮು ಸಿಡಿದು ಎದುರಿಗಿದ್ದವನ ತಲೆಗೇ ಬರುತ್ತದೆ. ಅಣ್ಣ ಕೆಲಸ ಕಲಿತ ಗ್ಯಾರೇಜಿನಲ್ಲಿ ಹಾಗೆ ಒಬ್ಬ ಹೋಗಿದ್ದ. ತಮ್ಮ ಆಗಲೇ ಹೊರಸುತ್ತಿನ ಅರ್ಧಕ್ಕಿಂತ ಹೆಚ್ಚು ನಟ್ಟುಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದ್ದ. ಟೈರು ಕಲ್ಲಿನಂತೆ ಬಿಗಿಯಾಗಿತ್ತು.

ಇಂಥ ಹೊತ್ತಿನಲ್ಲೂ ವರ್ಷದ ಅಭ್ಯಾಸ ಬಿಡಲಿಲ್ಲ. ಅಣ್ಣ ಹೆಂಡತಿಯ ಕಡೆ ತಿರುಗಿ, "ಸ್ಪ್ಯಾನರ್ ಕೆಳಗಿಡು ಅನ್ನು ಅವನಿಗೆ," ಎಂದ.

ಅವಳ ನಾಲಿಗೆಗೂ ತನ್ನದೇ ಅಭ್ಯಾಸ. "ಸ್ವಲ್ಪ ಸುಧಾರಿಸಿಕೋಬೇಕಂತೆ ಕಣಪ್ಪ. ನಿಮ್ಮಣ್ಣ ಬಂದಿದಾರೆ."

"ಇನ್ನೆರಡೇ ಅತ್ತಿಗೆ, ಮುಗಿಸಿಬಿಡ್ತೀನಿ," ಎಂದ ತಮ್ಮ ತಲೆ ಎತ್ತದೆ ಸ್ಪ್ಯಾನರನ್ನು ಮುಂದಿನ ನಟ್ಟಿಗೆ ಕೂರಿಸಿದ.

"ಹಾಗಲ್ವೇ! ಸಾಯ್ತೀಯ ಅನ್ನು!"

ತನ್ನ ಬಾಯಿಂದ ಹೊರಟದ್ದೆಲ್ಲ ಮೆತ್ತಗಾಗಿಯೇ ಹೊರಡುತ್ತದೆ ಎಂದು ಆ ಕ್ಷಣ ಅವಳಿಗೆ ಹೆದರಿಕೆಯಾಯಿತು. "ನೀವೇ ಹೇಳ್ರೀ!" ಎಂದು ಕಿರುಚಿದಳು. "ನನ್ನ ಕೈಲಾಗಲ್ಲ, ನೀವೇ ಹೇಳಿ!"

"ಲೋ!" ಅಣ್ಣನ ದನಿ ತಗಡಿನ ಮಾಡಿಗೆ ಬಡಿಯಿತು. "ಕೈ ತೆಗೆಯೋ ಅದರಿಂದ! ಎದುರಿಗೆ ಇರಬೇಡ, ಪಕ್ಕಕ್ಕೆ ಬಾ!"

ತಮ್ಮ ಕಲ್ಲಾದ. ವರ್ಷದ ಮೇಲೆ ಕೇಳಿದ ಮೊದಲ ಮಾತೇ ಗದರಿಕೆ. ಸ್ಪ್ಯಾನರ್ ಹಿಡಿದ ಮುಷ್ಟಿ ಇನ್ನೂ ಬಿಗಿಯಾಯಿತು. "ಏನಂತೆ ಅತ್ತಿಗೆ ಅವನದು?" ಎಂದ, ಚಕ್ರವನ್ನೇ ನೋಡುತ್ತ.

ಅಷ್ಟರಲ್ಲಿ ಚಕ್ರದೊಳಗೆಲ್ಲೋ ಟಿಕ್ ಎಂದಿತು. ಸಣ್ಣ ಸದ್ದು. ಮೂವರಿಗೂ ಕೇಳಿಸಿತು.

ಅಣ್ಣ ಓಡಲಿಲ್ಲ. ಗಾಡಿಯ ಮಗ್ಗುಲಿಗೆ ಅಂಟಿಕೊಂಡು ಬಂದು ಬಗ್ಗಿ, ತಮ್ಮನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದು ಕೆಡವಿದ. ಆಮೇಲೆ ತಾನು ಮುಖವನ್ನು ಆಚೆ ತಿರುಗಿಸಿ, ತೋಳು ಮಾತ್ರ ಚಾಚಿ, ಗಾಳಿ ತುಂಬುವ ವಾಲ್ವನ್ನು ಬೆರಳಲ್ಲಿ ತಡಕಿದ. ಬೆರಳು ಜಾರಿತು. ಮತ್ತೆ ಹಿಡಿದ. ಮುಚ್ಚಳ ತಿರುಗಿಸಿ ತೆಗೆದು ಒಳಗಿನ ಪಿನ್ನನ್ನು ಉಗುರಿನಿಂದ ಒತ್ತಿ ಹಿಡಿದದ್ದೇ ಗಾಳಿ ಸುಂಯ್ಯೆಂದು ಹೊರಟಿತು.

ಅದು ಮುಗಿಯುವುದೇ ಇಲ್ಲವೆನಿಸಿತು ಅವಳಿಗೆ. ಗಂಡನ ತೋಳು ಇನ್ನೂ ಚಕ್ರದ ಮುಂದೆಯೇ ಇತ್ತು. ಪಿಕಪ್ಪು ನಿಧಾನವಾಗಿ ಒಂದು ಮೂಲೆಗೆ ವಾಲಿತು. ಸದ್ದು ಸಣ್ಣಗಾಗಿ ನಿಂತಾಗ ಅಣ್ಣ ತೋಳು ತೆಗೆದು, ಅಲ್ಲೇ ನೆಲಕ್ಕೆ ಕುಳಿತ. ಉಳಿದ ನಟ್ಟೊಂದನ್ನು ಮುಟ್ಟಿ ತೋರಿಸಿ, ರಿಮ್ಮು ಎರಡು ಹೋಳಿನದೆಂದು ನಾಲ್ಕೇ ಮಾತಿನಲ್ಲಿ ಹೇಳಿದ. ತಮ್ಮನ ಹಣೆಯಿಂದ ಬೆವರು ಇಳಿಯತೊಡಗಿತು.

"ಕೆಂಪು ಮುಟ್ಟಬೇಡ ಅಂತ ಹೇಳಿಕಳಿಸಿದ್ದೆನಲ್ಲೋ."

"ನನಗೆ ಯಾರೂ ಹೇಳಲಿಲ್ಲ."

ಇಬ್ಬರೂ ಒಟ್ಟಿಗೇ ಅವಳ ಕಡೆ ನೋಡಿದರು. ಏನಾದರೊಂದು ಹೇಳಿ ನುಣುಚಿಕೊಳ್ಳಲು ಅವಳಿಗೆ ಬರುತ್ತಿತ್ತು, ಅದರಲ್ಲಿ ಅವಳು ಪಳಗಿದವಳು. ಆದರೆ ಕಣ್ಣು ತುಂಬಿ ಬಂತು. "ಇವರು ಹೇಳಿದ್ರು. ನಾನೇ ಹೇಳಲಿಲ್ಲ. ನಿನಗೆ ಬೇಜಾರಾಗತ್ತೆ ಅಂತ ನುಂಗಿಬಿಟ್ಟೆ. ಎಲ್ಲ ಹಾಗೇ ಮಾಡ್ತಾ ಬಂದೆ ಕಣೋ."

ತಮ್ಮ ಬಾನೆಟ್ಟಿನತ್ತ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಹಾಗಾದ್ರೆ ಬಾನೆಟ್ಟಿನ ಬಣ್ಣ? ಕನ್ನಡಿ ಥರ ಬಂದಿದೆ, ಇಂಥ ಕೈ ಈ ಊರಲ್ಲೇ ಇಲ್ಲ ಅಂತ ಅಣ್ಣ ಅಂದಿದ್ದು? ಅದೂ ನೀವೇ ಸೇರಿಸಿದ್ದಾ ಅತ್ತಿಗೆ?"

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಬಾನೆಟ್ಟು ಮುಗಿದ ದಿನ ಗಂಡ ಅದರತ್ತ ಒಮ್ಮೆ ಕಣ್ಣು ಹಾಯಿಸಿ, "ಮುಗೀತಂತಾ?" ಎಂದಿದ್ದ, ಅಷ್ಟೇ. ಆ ಒಂದು ಹೊಗಳಿಕೆಯ ಬಲದ ಮೇಲೆ ಹುಡುಗ ಇವತ್ತು ಸ್ಪ್ಯಾನರ್ ಹಿಡಿದಿದ್ದ.

"ಅಂದಿದ್ದೆ," ಎಂದ ಅಣ್ಣ.

ಹೆಂಡತಿಯತ್ತ ನೋಡದೆಯೇ ಎದ್ದ. "ಜಾಕ್ ತರ್ತೀನಿ. ಒಳಸುತ್ತು ಮಾತ್ರ ಬಿಚ್ಚು, ನೀನೇ ಬಿಚ್ಚು," ಎಂದು ಗಾಡಿಯನ್ನು ಬಳಸಿ ಹೊರಟವನು ನಡುವೆ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ. ತಲೆ ಬಗ್ಗಿಸಿ ಅದರಲ್ಲಿ ಕಾಣುತ್ತಿದ್ದ ತನ್ನ ಮುಖವನ್ನು ನೋಡಿದ. ಮೆಲ್ಲಗೆ ಕೈಯೆತ್ತಿ ಹೋದ.

ಹಸಿರು ಬಣ್ಣದ ಮೇಲೆ ಜಿಡ್ಡಿನ ಐದು ಬೆರಳು ಮೂಡಿದ್ದವು. ತಮ್ಮ ಹೆಗಲ ಮೇಲಿನ ಬಟ್ಟೆಯನ್ನು ಎಳೆದುಕೊಂಡು ಬಾನೆಟ್ಟಿನವರೆಗೆ ಹೋದ. ಆ ಗುರುತನ್ನು ಹಾಗೇ ಬಿಟ್ಟು, ಬಟ್ಟೆಯಿಂದ ತನ್ನ ಮುಖ ಒರೆಸಿಕೊಂಡು ವಾಪಸು ಬಂದು ಚಕ್ರದ ಬಳಿ ಕುಳಿತ.