ಫೋಟೋಕ್ಕಾಗಿ ಹುಟ್ಟಿದ ರ‍್ಯಾಂಪ್

ನಾನು ಒಂದು ಮರದ ರ‍್ಯಾಂಪ್. ಗಾಲಿಕುರ್ಚಿಯಲ್ಲಿ ಬರುವವರಿಗೆಂದು ಮೆಟ್ಟಿಲ ಮೇಲೆ ಓರೆಯಾಗಿ ಇಡುವ ಹಲಗೆ. ಅವರ ಅನುಕೂಲಕ್ಕಾಗಿಯೇ ನನ್ನನ್ನು ಮಾಡಿದರು ಎಂದು ಲೋಕ ಹೇಳುತ್ತದೆ. ನಾನು ನಂಬಿಲ್ಲ. ನಾನು ಹುಟ್ಟಿದ್ದು ಒಂದು ಫೋಟೋಕ್ಕಾಗಿ. ಹೀಗಾಗಿ ಯಾರಾದರೂ ನಗುನಗುತ್ತ ಹತ್ತಿರ ಬಂದರೆ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಕೈಯಲ್ಲಿ ಏನಿದೆ ಎಂಬುದನ್ನು.

ರಾಣೆಬೆನ್ನೂರಿನ ಹೊರಗೆ ಒಂದು ಬೀಜದ ಕಂಪನಿ ಇದೆ. ಅದರ ಪ್ರಯೋಗಾಲಯದ ಬಾಗಿಲಿಗೆ ಮೂರು ಮೆಟ್ಟಿಲು. ಒಂದು ದಿನ ಅಲ್ಲಿನ ಮ್ಯಾನೇಜರ್ ಹಿರೇಗೌಡರ ಸಾಹೇಬರು ಬಡಿಗೇರ ಮಾನಪ್ಪನನ್ನು ಕರೆಸಿದರು. ಮರುದಿನ ದೊಡ್ಡ ಆಫೀಸಿನವರು ತಪಾಸಣೆಗೆ ಬರುವವರಿದ್ದರು. ಅಂಗವಿಕಲರಿಗೆ ಒಳಗೆ ಬರಲು ದಾರಿ ಇದೆಯೇ ಎಂದು ಅವರ ಪಟ್ಟಿಯಲ್ಲಿ ಒಂದು ಪ್ರಶ್ನೆ ಇತ್ತಂತೆ.

“ಸಾಹೇಬ್ರ, ಮೂರು ಮೆಟ್ಟಲ ಅಂದ್ರ ಒಂದೂವರಿ ಅಡಿ ಎತ್ತರ. ಹದಿನೆಂಟು ಅಡಿ ಉದ್ದ ಬೇಕ್ರಿ. ಕನ್ನಡ ಸಾಲಿಗೆ ಒಂದು ಮಾಡಿಕೊಟ್ಟೀನಿ, ನನಗ ಗೊತ್ತೈತಿ” ಅಂದ ಮಾನಪ್ಪ.

“ಹದಿನೆಂಟು ಅಡಿ ಅಂದ್ರ ಗೇಟಿನ ತನಕ ಹೊಕ್ಕೈತೋ ಮಾರಾಯ. ಬೈಕ್ ಎಲ್ಲಿ ನಿಲ್ಲಸೂದು? ಐದು ಅಡಿ ಮಾಡು, ಸಾಕು. ಹತ್ತವ್ರ ಯಾರದಾರ ಈಗ?”

“ಐದು ಅಡಿ ಮಾಡಿದ್ರ ಇದು ಹತ್ತಾಕಲ್ರಿ, ಜಾರಾಕ” ಎಂದು ಗೊಣಗುತ್ತಲೇ ಮಾನಪ್ಪ ಮೊಳೆ ಹೊಡೆದ. ಹಳೆಯ ಪೆಟ್ಟಿಗೆಗಳ ಹಲಗೆ, ಜಾಲಿಯ ಕಾಲು, ಮೇಲೊಂದು ಕೋಟು ಹಸಿರು ಬಣ್ಣ. ಅರ್ಧ ದಿನದಲ್ಲಿ ನಾನು ತಯಾರಾದೆ. ಬಣ್ಣ ಒಣಗುವ ಮೊದಲೇ ಸಾಹೇಬರು ನನ್ನ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವರ ಬೂಟಿನ ಅಚ್ಚು ನನ್ನ ಮೈಮೇಲೆ ಉಳಿಯಿತು. ಸಂಜೆಗೆ ನನ್ನನ್ನು ಬೈಕ್ ಶೆಡ್ಡಿನ ಹಿಂದಿನ ಗೋಡೆಗೆ ಒರಗಿಸಿದರು.

ಎರಡು ವರ್ಷ ಅಲ್ಲೇ ಇದ್ದೆ. ಆಮೇಲೆ ಬಂದವಳು ಕಸ್ತೂರಿ.

ಇಪ್ಪತ್ತಾರರ ಹುಡುಗಿ. ಸಣ್ಣವಳಿದ್ದಾಗ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು, ಆಗಿನಿಂದ ಗಾಲಿಕುರ್ಚಿ. ಆದರೂ ಬೀಜದ ವಿಷಯದಲ್ಲಿ ಡಿಪ್ಲೊಮಾ ಮುಗಿಸಿ, ಮೊಳಕೆ ಎಣಿಸುವ ಕೆಲಸಕ್ಕೆ ಆರು ತಿಂಗಳ ಪರೀಕ್ಷಾ ಅವಧಿಯ ಮೇಲೆ ಸೇರಿದ್ದಳು. ಕೆಲಸ ಕಾಯಂ ಆದರೆ ಅಣ್ಣನ ಮನೆಯ ಹಿತ್ತಲ ಖೋಲಿ ಬಿಟ್ಟು ಊರೊಳಗೆ ತನ್ನದೇ ಒಂದು ಬಾಡಿಗೆ ಮನೆ ಹಿಡಿಯುವ ಆಸೆ ಅವಳಿಗೆ. ಇಲ್ಲವಾದರೆ ಮತ್ತೆ ಅದೇ ಖೋಲಿ, ಅತ್ತಿಗೆ ತಂದಿಟ್ಟಾಗ ಊಟ. ಇದನ್ನು ಅವಳು ಹಿರಿಯ ಸಹೋದ್ಯೋಗಿ ಶಕುಂತಲಾ ಅವರಿಗೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ.

ಪ್ಯೂನ್ ಫಕ್ಕೀರಪ್ಪ ದಿನಾ ಬೆಳಿಗ್ಗೆ “ಯಪ್ಪಾ, ಏನ್ ಒಜ್ಜಾ ಐತೋ ಇದು” ಎನ್ನುತ್ತ ನನ್ನನ್ನು ಎತ್ತಿ ತಂದು ಮೆಟ್ಟಿಲಿಗೆ ಹಚ್ಚುತ್ತಿದ್ದ. ಕಸ್ತೂರಿ ಕೆಳಗೆ ಕಾಯುತ್ತಿದ್ದಳು. ಇಬ್ಬರು ಹಿಂದಿನಿಂದ ದೂಕಬೇಕು, ಒಬ್ಬರು ಮುಂದಿನಿಂದ ಎಳೆಯಬೇಕು, ಆಗ ಅವಳು ಒಳಗೆ. ಮೂವರು ಬಿಡುವಾಗುವ ತನಕ ಅವಳು ಬಿಸಿಲಲ್ಲೇ. ಏರಿಸಿದವರಿಗೆಲ್ಲ ಅವಳು “ಥ್ಯಾಂಕ್ಸ್ ರೀ” ಅನ್ನಬೇಕು. ದಿನಕ್ಕೆ ಎರಡು ಹೊತ್ತು, ಮೂರು ಮಂದಿಗೆ.

ಇಷ್ಟಾದರೂ ನನಗೆ ಅವಳ ಮೇಲೆ ಅನುಮಾನ ಬಂತು. ಅವಳ ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಬರುತ್ತಿತ್ತು, ಸಂಜೆ ತುಂಬಿಯೇ ಹೋಗುತ್ತಿತ್ತು. ಕುಡಿಯದವಳು ತರುವುದೇಕೆ? ಯಾರಿಗೆ ತೋರಿಸುವುದಕ್ಕೆ? ಮತ್ತೊಂದು ದಿನ ಅವಳು ಕಂಬ ಹಿಡಿದು ಕುರ್ಚಿಯಿಂದ ಎದ್ದು ನಿಂತದ್ದನ್ನು ಕಂಡೆ. ನಿಂತು, ಎರಡು ಹೆಜ್ಜೆ ಇಟ್ಟು, ಬಿದ್ದ ಪೆನ್ನು ಎತ್ತಿಕೊಂಡು ಕುಳಿತಳು. ಓಹೋ, ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅದನ್ನು ಕಂಡವನು ನಾನೊಬ್ಬನೇ ಅಲ್ಲ. ಒಳಗೆ ಗುರುಪಾದ ಎಂಬವನಿದ್ದ, ಗರಡಿಯಲ್ಲಿ ತಾಲೀಮು ಮಾಡಿದ ಆಳು, ಒಂದೊಂದು ರಟ್ಟೆ ಒಂದೊಂದು ಒನಕೆ. ಕಸ್ತೂರಿಗೆ ಸಿಕ್ಕ ಕೆಲಸಕ್ಕೆ ಅವನ ನಾದಿನಿಯೂ ಅರ್ಜಿ ಹಾಕಿದ್ದಳು. ಬೈಕ್ ನಿಲ್ಲಿಸುವ ಜಾಗದಲ್ಲಿ ಅವನು ಒಬ್ಬರಾದ ಮೇಲೆ ಒಬ್ಬರಿಗೆ ಹೇಳತೊಡಗಿದ: “ಬೇಕಾದಾಗ ನಡೀತಾಳ, ಬ್ಯಾಡಾದಾಗ ಕುರ್ಚಿ. ನಾಟಕ ಐತಿ ಎಲ್ಲಾ.” ಕೇಳಿದವರು ಹೌದೌದು ಅಂದರು. ನಾಲಿಗೆಗೆ ಎಲುಬಿಲ್ಲ, ನನಗೆ ನಾಲಿಗೆಯೇ ಇಲ್ಲ. ಇದ್ದಿದ್ದರೆ ನಾನೂ ಹೌದು ಅನ್ನುತ್ತಿದ್ದೆನೇನೋ.

ಆ ಪ್ರಯೋಗಾಲಯದ ಕೆಲಸದ ಒಂದು ಕ್ರಮ ಇಲ್ಲಿ ಹೇಳಬೇಕು. ಗೋವಿನಜೋಳದ ಹೊಸ ಬೀಜ ಬಂತೆಂದರೆ ಒದ್ದೆ ಕಾಗದದಲ್ಲಿ ನೂರು ನೂರು ಬೀಜ ಸುತ್ತಿ ನಾಲ್ಕು ಸುರುಳಿ ಇಡುತ್ತಾರೆ. ನಾಲ್ಕನೇ ದಿನ ಒಂದು ಎಣಿಕೆ, ಏಳನೇ ದಿನ ಕೊನೆಯ ಎಣಿಕೆ. ಬೇರು, ಕಾಂಡ ನೆಟ್ಟಗಿದ್ದರೆ ‘ಸಹಜ’, ಇಲ್ಲದಿದ್ದರೆ ‘ಅಸಹಜ’. ಏಳನೇ ದಿನ ಎಣಿಸದೆ ಬಿಟ್ಟರೆ ಪರೀಕ್ಷೆಯೇ ಕೆಟ್ಟಿತು, ಮತ್ತೆ ಮೊದಲಿನಿಂದ ಶುರು. ಬಿತ್ತನೆ ಹತ್ತಿರ ಬಂದಾಗ ಹಾಗೆ ಕೆಡಿಸಿದವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಅಂಥದೇ ಒಂದು ಏಳನೇ ದಿನ, ಕಸ್ತೂರಿ ಇಟ್ಟ ಸುರುಳಿಗಳ ಕೊನೆಯ ಎಣಿಕೆ. ಫಕ್ಕೀರಪ್ಪ ರಜೆಯಲ್ಲಿದ್ದ. ಗುರುಪಾದ ಎಲ್ಲರಿಗಿಂತ ಮೊದಲು ಬಂದು ನನ್ನನ್ನು ಎತ್ತಿಕೊಂಡು ಹೋಗಿ ಎದುರಿನ ಬೇವಿನ ಮರದ ಹಿಂದೆ ನಿಲ್ಲಿಸಿದ. ನಾನು ಒಂದು ಚೂರೂ ಮಿಸುಕಲಿಲ್ಲ. ನಡೆಯುತ್ತಾಳೋ ಇಲ್ಲವೋ ನೋಡೇ ಬಿಡೋಣ ಎಂಬ ಕುತೂಹಲ ನನಗೂ ಇತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಸ್ತೂರಿ ಬಂದಳು. ನನಗಾಗಿ ಹುಡುಕಿದಳು, ಕೂಗಿದಳು, ಯಾರೂ ಹೊರಗೆ ಬರಲಿಲ್ಲ. ಗುರುಪಾದ ಕಿಟಕಿಯ ಮರೆಯಲ್ಲಿ ಮೊಬೈಲು ಹಿಡಿದು ನಿಂತಿದ್ದ. ಅವಳು ಗಡಿಯಾರ ನೋಡಿಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದಳು. ಒಂದು ಮೆಟ್ಟಿಲು. ಮೊಣಕಾಲನ್ನು ಕೈಯಿಂದ ಎತ್ತಿಟ್ಟು ಎರಡನೆಯದು. ಮೂರನೆಯದು. ಗುರುಪಾದ ಮೊಬೈಲನ್ನು ಕಿಸೆಗೆ ಹಾಕಿಕೊಂಡ, ಅವನಿಗೆ ಬೇಕಾದದ್ದು ಸಿಕ್ಕಿತ್ತು. ಅವನು ಕಿಸೆಗೆ ಹಾಕಿಕೊಂಡ ಮೇಲೆ ಆದದ್ದನ್ನು ನಾನು ನೋಡಿದೆ. ಹೊಸ್ತಿಲಲ್ಲಿ ಅವಳ ಎರಡೂ ಕಾಲು ಗಡಗಡ ನಡುಗಿ ಮಡಚಿಕೊಂಡವು. ಅಲ್ಲೇ ಕುಸಿದಳು. ಕೈಯೂರಿ ತೆವಳಿಕೊಂಡು ಒಳಗೆ ಹೋದಳು. ನಾನೂರು ಮೊಳಕೆಯನ್ನೂ ನೆಲದ ಮೇಲೆ ಕುಳಿತೇ ಎಣಿಸಿ ಮುಗಿಸಿದಳೆಂದು ಶಕುಂತಲಾ ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ಹೇಳಿದರು. ಮುಂದೆ ಎರಡು ದಿನ ಅವಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಆ ಎರಡು ದಿನದಲ್ಲಿ ದೊಡ್ಡ ಆಫೀಸಿಗೆ ಒಂದು ಮೂಗರ್ಜಿ ಹೋಯಿತು, ಜೊತೆಗೆ ಆ ವಿಡಿಯೋ. ನಡೆಯಬಲ್ಲ ಹೆಂಗಸು ನಡೆಯಲಾರೆನೆಂದು ಸುಳ್ಳು ಹೇಳಿ ಕೆಲಸ ಹಿಡಿದಿದ್ದಾಳೆ ಎಂದು ಬರೆದಿತ್ತಂತೆ. ಸಾಹೇಬರಿಗೆ ಫೋನು ಬಂತು: ವಿಚಾರಿಸಿ, ನಿಜವಾದರೆ ಅವಧಿ ಮುಗಿಯುವ ತನಕ ಕಾಯಬೇಡಿ, ತೆಗೆದುಹಾಕಿ. ವಿಡಿಯೋ ತೆಗೆದವನು ಗುರುಪಾದ, ಆದರೆ ಅದು ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಹೋಗಿತ್ತು; ಅರ್ಜಿ ಬರೆದವನು ಫಕ್ಕೀರಪ್ಪನೇ ಇರಬೇಕು ಎಂದುಕೊಂಡೆ ನಾನು. ದಿನಾ ನನ್ನನ್ನು ಹೊತ್ತು ಬೇಸತ್ತವನು ಅವನಲ್ಲವೇ?

ಮೂರನೇ ದಿನ ಕಸ್ತೂರಿ ಬಂದಳು, ಮುಖ ಬಾಡಿತ್ತು. ಫಕ್ಕೀರಪ್ಪ ನನ್ನನ್ನು ತಂದು ಮೆಟ್ಟಿಲಿಗೆ ಹಚ್ಚಿದ. ದೂಕಲು ಬಂದವರನ್ನು ಅವಳು ತಡೆದಳು. ಸಾಹೇಬರು ಅರ್ಜಿಯ ಕಾಗದ, ಮೊಬೈಲು ಹಿಡಿದು ಬಾಗಿಲಿಗೆ ಬಂದರು, ಅವರ ಹಿಂದೆ ಉಳಿದವರು.

“ಕಸ್ತೂರಿ, ಈ ವಿಡಿಯೋದಾಗ ಇರೂದು ನೀವ ಹೌದಲ್ರಿ?”

“ಹೌದ್ರಿ ಸರ. ನಾನ.”

“ಮತ್ತ ಹತ್ತಾಕ ಬರತೈತಲ್ಲ. ಕುರ್ಚಿ ಯಾಕ?”

“ಒಮ್ಮೆ ಬರತೈತ್ರಿ, ನಾಕು ಸಲ ಬರೂದಿಲ್ಲ. ಒಂದು ದಿನ ಹತ್ತು ಹೆಜ್ಜಿ, ಒಂದು ದಿನ ಒಂದೂ ಇಲ್ಲ. ಡಾಕ್ಟರ್ ಕಾಗದದಾಗ ಹಂಗ ಬರದಾರ, ಸೇರೂ ಮುಂದ ಕೊಟ್ಟೀನಿ. ಯಾರೂ ಓದಿಲ್ಲ.” ಅವಳು ಉಸಿರು ತೆಗೆದುಕೊಂಡಳು. “ಬಾತ್‌ರೂಮಿಗೆ ಎರಡು ಮೆಟ್ಟಲ ಅದಾವ್ರಿ ಸರ. ಐದು ತಿಂಗಳ ಆತು, ಇಲ್ಲಿ ನಾ ಒಂದು ಗುಟುಕು ನೀರು ಕುಡದಿಲ್ಲ. ಎರಡು ಸಲ ಉರಿಮೂತ್ರ ಆಗಿ ಜ್ವರ ಬಂತು. ನಾಟಕ ಮಾಡವ್ರು ಇಷ್ಟು ಮಾಡ್ತಾರೇನ್ರಿ?”

ತುಂಬಿದ ಬಾಟಲಿ ಯಾಕೆ ತುಂಬಿಯೇ ಹೋಗುತ್ತಿತ್ತೆಂದು ನನಗೆ ಆಗ ತಿಳಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಂಡಿದ್ದೆ, ಪ್ರಮಾಣಿಸಿರಲಿಲ್ಲ.

“ನಾಕು ಸಲ ಬರೂದಿಲ್ಲ ಅಂತೀರಿ. ಹಂಗಾರ ನಾಕು ಸಲ ಹತ್ತಿ ತೋರಸ್ರಿ, ಎಲ್ಲಾರೂ ನೋಡೂಣು” ಅಂದ ಗುರುಪಾದ.

ಶಕುಂತಲಾ “ಥೂ” ಅಂದರು. ಕಸ್ತೂರಿಯ ಮುಖ ಕೆಂಪಾಯಿತು, ಆದರೆ ಅವಳು ಅಳಲಿಲ್ಲ.

“ಒಂದ ಸುರುಳಿ ಎಣಸಿ ಬೀಜಕ್ಕ ಸರ್ಟಿಫಿಕೇಟ್ ಕೊಡೂದಿಲ್ಲ ನಾವು. ನನಗ ಒಂದ ವಿಡಿಯೋ ಸಾಕಾತೇನ್ರಿ? ಪರೀಕ್ಷಾ ಆಗಬೇಕು, ಆಗಲಿ. ಆದ್ರ ನನ್ನ ಕಾಲಿಗಲ್ಲ, ಈ ಹಲಗಿಗೆ. ನಾಕು ಮಂದಿ ಒಬ್ಬೊಬ್ರ ನನ್ನ ಕುರ್ಚ್ಯಾಗ ಕುಂತು, ಕಾಲು ಮುಟ್ಟಸದ, ಯಾರೂ ದೂಕದಂಗ ಮ್ಯಾಲ ಬರ್ರಿ. ಒಬ್ರು ಬಂದ್ರೂ ಸಾಕು, ನಾ ಇವತ್ತ ಕೆಲಸ ಬಿಟ್ಟು ಹೊಕ್ಕೀನಿ.”

ಅವಳು ಕೆಳಗಿನ ಮೆಟ್ಟಿಲಿಗೆ ಸರಿದು ಕುಳಿತು ಕುರ್ಚಿ ಬಿಟ್ಟುಕೊಟ್ಟಳು. ಲೋಕವನ್ನೆಲ್ಲ ಅನುಮಾನಿಸುತ್ತ ಬಂದವನು ನಾನು. ಈಗ ಎಲ್ಲರ ಕಣ್ಣೂ ನನ್ನ ಮೇಲೆ.

ಮೊದಲು ಫಕ್ಕೀರಪ್ಪ. ಮುಂದಿನ ಗಾಲಿ ನನ್ನ ಅಂಚಿಗೆ ತಾಗಿದ್ದೇ ಬಂತು, ಮುಂದೆ ಹೋಗಲಿಲ್ಲ. ಶಕುಂತಲಾ ಸೀರೆ ಬಿಗಿದುಕೊಂಡು ಕುಳಿತರು, ಒಂದಡಿ ಏರಿ ಹಿಂದಕ್ಕೆ ಜಾರಿದರು. ಮೂರನೆಯವನು ಗುರುಪಾದ. ಅಂಗಿಯ ತೋಳು ಮಡಚಿಕೊಂಡು ಕುಳಿತ. ಅವನ ರಟ್ಟೆ ತಾಲೀಮಿನದು. ಒಂದು ನೂಕಿಗೆ ಎರಡಡಿ ಬಂದ. ಇನ್ನೊಂದಕ್ಕೆ ಮೂರನೇ ಅಡಿ ದಾಟಿದ. ನಾನು ಹುಟ್ಟಿದ್ದು ಜನರನ್ನು ಮೇಲೆ ತಲುಪಿಸಲು, ಆದರೆ ಆ ಹೊತ್ತಿನಲ್ಲಿ ಇವನು ತಲುಪದಿರಲಿ ಎಂದು ಬೇಡಿಕೊಂಡೆ. ತುದಿಗೆ ಒಂದು ಮೊಳ ಉಳಿದಿತ್ತು. ಕುರ್ಚಿಯ ಮುಂದಿನ ಗಾಲಿಗಳು ಮೇಲೆದ್ದವು, ಕುರ್ಚಿ ಹಿಂದಕ್ಕೆ ವಾಲಿತು. ಫಕ್ಕೀರಪ್ಪ ಓಡಿ ಬಂದು ತನ್ನ ಮುದಿ ಎದೆಯನ್ನೇ ಅಡ್ಡ ಕೊಟ್ಟು ಹಿಡಿಯದಿದ್ದರೆ ಗುರುಪಾದನ ತಲೆ ಕಲ್ಲಿಗೆ ಬಡಿಯುತ್ತಿತ್ತು. “ಇಷ್ಟು ದಿನ ಹಿಂದ ನಿಂತು ಹಿಡದೀನ್ರಿ, ಇದು ಹೆಂಗ ಬೀಳಸತೈತಿ ಅಂತ ನನಗ ಗೊತ್ತೈತಿ” ಅಂದ ಅವನು ಏದುಸಿರು ಬಿಡುತ್ತ. ಇಂಥವನ ಮೇಲೆ ನಾನು ಮೂಗರ್ಜಿಯ ಆರೋಪ ಹೊರಿಸಿದ್ದೆ.

“ಆತು ಬಿಡ್ರಿ, ತಿಳೀತು” ಅಂದರು ಸಾಹೇಬರು.

“ನಾಕನೇ ಸುರುಳಿ ಬಾಕಿ ಐತ್ರಿ ಸರ” ಅಂದಳು ಕಸ್ತೂರಿ.

ಅವರಿಗೆ ಬೇರೆ ದಾರಿ ಇರಲಿಲ್ಲ. ಇಳಿದು ಬಂದು ಕುಳಿತರು. ಎರಡು ಸಲ ನೂಕಿದರು, ಎರಡು ಸಲವೂ ಇದ್ದಲ್ಲಿಗೇ ಬಂದರು. ಮೂರನೇ ಸಲ ನೂಕಲಿಲ್ಲ. ನನ್ನ ಬುಡದಲ್ಲಿ ಆ ಕುರ್ಚಿಯಲ್ಲಿ ಕುಳಿತು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿ ನಿಂತವರೆಲ್ಲ ಅವರನ್ನು ಮೇಲಿನಿಂದ ನೋಡುತ್ತಿದ್ದರು.

“ನಾಕಕ್ಕ ನಾಕೂ ಅಸಹಜ. ಬರಕೊಳ್ರಿ” ಅಂದರು ಶಕುಂತಲಾ. ಆ ಮಾತು ನನಗೆ ಅಂದದ್ದು. ನನಗೆ ಬೇಸರವಾಗಲಿಲ್ಲ, ಅದು ನಿಜವಾಗಿತ್ತು.

ಒಂದು ತಿಂಗಳಲ್ಲಿ ಬೈಕ್ ಶೆಡ್ಡು ಹಿತ್ತಲಿಗೆ ಹೋಯಿತು. ಗೇಟಿನಿಂದ ಬಾಗಿಲ ತನಕ ಹದಿನೆಂಟು ಅಡಿಯ ಸಿಮೆಂಟಿನ ಇಳಿಜಾರು ಬಂತು, ಎರಡೂ ಕಡೆ ಹಿಡಿಕೆ. ಬಾತ್‌ರೂಮಿನ ಮೆಟ್ಟಿಲನ್ನೂ ಒಡೆದು ಮಟ್ಟ ಮಾಡಿದರು. ಕಸ್ತೂರಿಯ ಕೆಲಸ ಕಾಯಂ ಆಯಿತು. ಮೂಗರ್ಜಿ ಬರೆದವರು ಯಾರೆಂದು ಇಂದಿಗೂ ಹೊರಬಿದ್ದಿಲ್ಲ. ನನಗೊಂದು ಅನುಮಾನವಿದೆ, ಆದರೆ ನನ್ನ ಅನುಮಾನದ ಬೆಲೆ ನನಗೆ ಗೊತ್ತಾಗಿದೆ, ಹೇಳುವುದಿಲ್ಲ.

ನನ್ನ ಜಾಲಿಯ ಕಾಲು ತೆಗೆದು ಫಕ್ಕೀರಪ್ಪ ಎರಡೂ ತುದಿಗೆ ಇಟ್ಟಿಗೆ ಕೊಟ್ಟು ಬೇವಿನ ಬುಡದಲ್ಲಿ ಬೆಂಚು ಮಾಡಿದ. ಜನ ನನ್ನ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಬಣ್ಣ ಹೋಗಿದೆ, ಒಂದು ಹಲಗೆಗೆ ಗೆದ್ದಲು ಹತ್ತಿದೆ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಆ ಸಿಮೆಂಟಿನ ಇಳಿಜಾರನ್ನೂ ನಾನು ಪೂರ್ತಿ ನಂಬಿರಲಿಲ್ಲ. ಗುತ್ತಿಗೆದಾರ ಮರಳು ಎಷ್ಟು ಹಾಕಿದನೋ, ಸಿಮೆಂಟು ಎಷ್ಟೋ. ಅದನ್ನು ತೆರೆದ ಮೊದಲ ಸೋಮವಾರ ಬೆಳಗಾದಾಗಿನಿಂದ ಅದರ ಬುಡದಲ್ಲಿ ಎಲ್ಲಾದರೂ ಬಿರುಕು ಕಾಣುತ್ತದೆಯೇ ಎಂದು ಹುಡುಕುತ್ತ ಕುಳಿತಿದ್ದೆ.

ಫಕ್ಕೀರಪ್ಪ ಗೇಟಿನಲ್ಲಿ ಕಾಯುತ್ತಿದ್ದ. ಹೊತ್ತು ಏರಿತು. ಅವನು ರಸ್ತೆ ನೋಡಿ ನೋಡಿ ಸಾಕಾಗಿ, “ಕಸ್ತೂರವ್ವ ಇನ್ನೂ ಬಂದಿಲ್ಲೇನ್ರಿ?” ಎಂದು ಒಳಗೆ ಕೂಗಿದ.

“ಬಂದು ಅರ್ಧ ತಾಸಾತು ಕಾಕಾ” ಎಂದು ಒಳಗಿನಿಂದ ಅವಳದೇ ದನಿ ಬಂತು. “ಒಂದು ಸುರುಳಿ ಎಣಸಿ ಮುಗಸೀನಿ.”

“ಯಾವಾಗ ಬಂದಿ? ನಾ ಚಹಾಕ್ಕ ಹೋದಾಗೇನು? ಯಾರು ದೂಕಿದ್ರು?”

“ಯಾರೂ ಇಲ್ಲ.”

ಫಕ್ಕೀರಪ್ಪ ನನ್ನ ಮೇಲೆ ಬಂದು ಕುಳಿತ. ಎರಡೂ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ಎಲ್ಲರನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ನನಗೂ, ಬಿರುಕು ಹುಡುಕುವ ಭರದಲ್ಲಿ, ಅವಳು ಬಂದದ್ದು ಗೊತ್ತಾಗಿರಲಿಲ್ಲ.